ಬಳಕೆಯಲ್ಲಿರುವ ಫೈಲು

ನಾನು ನಿರಪರಾಧಿಯೊಬ್ಬರ ಮೇಲೆ ಕಳ್ಳತನದ ದೂರು ಕೊಟ್ಟಿದ್ದೇನೆ. ಅದು ತಪ್ಪು.

ನನ್ನ ಹೆಸರು ಚೌಡೇಶ್ವರಿ, ತಾಯಿ ಓಬಕ್ಕ, ವಯಸ್ಸು 23 ವರ್ಷ, ರೇಷ್ಮೆ ಸೀರೆ ನೇಯ್ಗೆ ಕೆಲಸ, ವಾಸ ಮೊಳಕಾಲ್ಮೂರು. ಚಳ್ಳಕೆರೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ಇದೇ ಊರಿನ ಕಂಪ್ಯೂಟರ್ ಅಂಗಡಿಯ ರವಿತೇಜ ಅವರ ಮೇಲೆ ನಿನ್ನೆ ಕೊಟ್ಟ ದೂರನ್ನು ಹಿಂಪಡೆಯುತ್ತಿದ್ದೇನೆ.

ನನ್ನ ತಾಯಿ ಮೂವತ್ತು ವರ್ಷಗಳಲ್ಲಿ ಗ್ರಾಫ್ ಹಾಳೆಯ ಮೇಲೆ ಬರೆದ 112 ಸೀರೆ ವಿನ್ಯಾಸಗಳ ಸ್ಕ್ಯಾನ್ ಪ್ರತಿಗಳು ನಮ್ಮ ಕಂಪ್ಯೂಟರಿನಲ್ಲಿವೆ. ಹಾಳೆಗಳನ್ನು ಗೆದ್ದಲು ತಿಂದಿದೆ. ಪೆನ್ಸಿಲ್ ಹಿಡಿದರೆ ತಾಯಿಯ ಕೈ ಈಗ ನಡುಗುತ್ತದೆ, ಮತ್ತೆ ಬರೆಯಲಾರರು. ಕಂಪ್ಯೂಟರನ್ನು ರವಿತೇಜ ಅವರಿಂದ ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದೆವು.

07-06-2025 ಶನಿವಾರ ಬೆಳಿಗ್ಗೆ 11-10ಕ್ಕೆ, ನೇಕಾರರ ವಿನ್ಯಾಸ ಕದಿಯುವವರ ಬಗ್ಗೆ ಒಂದು ಕರಪತ್ರ ಓದಿ, ಕಂಪ್ಯೂಟರಿನಲ್ಲಿ ಅಡಗಿರುವ ಫೈಲುಗಳು ಕಾಣುವಂತೆ ಮಾಡಿದೆ. ನಾವು ಇಡದ ಫೈಲುಗಳು ಕಂಡವು. ತೆರೆದರೆ ಅಕ್ಷರವಿಲ್ಲ, ಬರೀ ಚೌಕಗಳು. ಎಲ್ಲಕ್ಕಿಂತ ದೊಡ್ಡದನ್ನು ಅಳಿಸಲು ಹೋದಾಗ, ಅದು ಬಳಕೆಯಲ್ಲಿದೆ, ಅಳಿಸಲಾಗದು ಎಂದು ಬಂತು. ಮನೆಯಲ್ಲಿದ್ದವರು ನಾವಿಬ್ಬರೇ. ತಾಯಿ ಮಗ್ಗದಲ್ಲಿ ಕುಳಿತಿದ್ದರು. ಹಾಗಾದರೆ ಯಾರ ಬಳಕೆಯಲ್ಲಿದೆ? ವಿನ್ಯಾಸ ಕದಿಯಲು ರವಿತೇಜ ಅವರೇ ಕಳ್ಳಫೈಲು ಇಟ್ಟಿದ್ದಾರೆಂದು ತೀರ್ಮಾನಿಸಿ, ಅಳಿಸಲು ಬಂದ ಏಳು ಫೈಲುಗಳನ್ನು ಅಳಿಸಿದೆ. 11-40ಕ್ಕೆ ಆಫ್ ಮಾಡಿ ಆನ್ ಮಾಡಿದಾಗ ಪರದೆ ಕಪ್ಪಾಗಿತ್ತು. ತಾಯಿ "ಹೋದ್ವೇನೆ ಎಲ್ಲಾ?" ಎಂದು ಒಂದೇ ಸಲ ಕೇಳಿದರು. ಮಧ್ಯಾಹ್ನ ನನಗೆ ಮುದ್ದೆ ಬಡಿಸಿದರು, ತಾವು ಉಣ್ಣಲಿಲ್ಲ.

ಸೋಮವಾರ ದೂರು ಕೊಟ್ಟೆ. ಈ ದಿನ 10-30ಕ್ಕೆ ಠಾಣೆಯಲ್ಲಿ ಎ.ಎಸ್.ಐ. ಮಲ್ಲಿಕಾರ್ಜುನಪ್ಪ ಅವರ ಎದುರು ರವಿತೇಜ ನಮ್ಮ ಕಂಪ್ಯೂಟರಿನ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರು. ತಾಯಿ ಪರದೆಗೆ ಬೆರಳಿಟ್ಟು ಎಣಿಸಿದರು. 112 ಇದ್ದವು. ನಾನು ಅಳಿಸಿದ್ದು ಕಂಪ್ಯೂಟರ್ ಶುರುವಾಗಲು ಬೇಕಾದ ಫೈಲುಗಳು. ಅಳಿಯದೆ ಉಳಿದ ದೊಡ್ಡದನ್ನು ಬಳಸುತ್ತಿದ್ದದ್ದು ಕಂಪ್ಯೂಟರೇ ಎಂದು ರವಿತೇಜ ತಿಳಿಸಿದರು. "ಕಣ್ಣಿಗೆ ಕಾಣ್ದಂಗೆ ದುಡಿಯೋವು ಕಣಮ್ಮ ಅವು. ಕಳ್ರು ಅಂದ್ಬಿಟ್ಯಲ್ಲ!" ಎಂದರು. ಕಾಣದೆ ದುಡಿಯುವವರನ್ನು ಗೌರವಿಸಿ ಎಂದು ನಮ್ಮ ನೇಕಾರರ ಸಂಘದ ಗೋಡೆಗೆ ಬರೆದು ಅಂಟಿಸಿದವಳು ನಾನೇ.

ಆಗ ತಾಯಿ ನಕ್ಕು ಹೇಳಿದ್ದು: ಸೀರೆ ಕತ್ತರಿಸಿದ ಮೇಲೆ ಮಗ್ಗದಲ್ಲಿ ಒಂದು ಗೇಣು ಹಳೆಯ ಹಾಸು, ಅಂದರೆ ಉದ್ದೆಳೆಗಳನ್ನು, ಬಿಟ್ಟಿರುತ್ತೇವೆ, ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅದಕ್ಕೇ ಕಟ್ಟುತ್ತೇವೆ. ನಾನು ಒಂಬತ್ತು ವರ್ಷದವಳಿದ್ದಾಗ ಅದನ್ನು ಕಸವೆಂದು ಕಿತ್ತುಹಾಕಿದ್ದೆ. ತಾಯಿ ಮೂರು ದಿನ ಕುಳಿತು ಸಾವಿರಾರು ಎಳೆಗಳನ್ನು ಮಗ್ಗಕ್ಕೆ ಹೊಸದಾಗಿ ಪೋಣಿಸಿದ್ದರು. "ಅವತ್ತೂ ಮಗ್ಗ ಚೊಕ್ಕ ಮಾಡೀನಿ ಅಂತ ಕುಣ್ಕೊಂಡು ಬಂದ್ಲು ನಾಯ್ನಾ, ಏನಂತ ಬಯ್ಯಲಿ?" ಎಂದು ರವಿತೇಜ ಅವರಿಗೆ ಹೇಳಿದರು. ರವಿತೇಜ ನಗುವಾಗ ನನಗೆ ತಲೆ ಎತ್ತಲಾಗಲಿಲ್ಲ.

ದೂರಿನಿಂದ ಅವರ ಹೆಸರಿಗೆ ಕಳಂಕ ತಟ್ಟಬಾರದು. ತಪ್ಪೊಪ್ಪಿಗೆಯನ್ನು ಅವರ ಅಂಗಡಿಯ ಬಾಗಿಲಿಗೆ ನಾನೇ ಅಂಟಿಸುತ್ತೇನೆ.

ನಾನು ಹೇಳಿದಂತೆಯೇ ಬರೆದಿದ್ದಾರೆ, ಓದಿ ನೋಡಿದ್ದೇನೆ, ಎಲ್ಲವೂ ನಿಜ.

ಸ್ಥಳ: ಚಳ್ಳಕೆರೆ
ದಿನಾಂಕ: 10-06-2025
ಸಹಿ: ಚೌಡೇಶ್ವರಿ

ಸಹಿಯ ನಂತರ ಸೇರಿಸಿದ್ದು: ಯಾವ ಫೈಲು ಏನು ಮಾಡುತ್ತದೆಂದು ರವಿತೇಜ ನನಗೆ ಕಲಿಸುತ್ತಾರಂತೆ. ಹಾಸು ಕಟ್ಟುವುದನ್ನು ತಾಯಿ ಅವರಿಗೆ ತೋರಿಸುತ್ತಾರಂತೆ. 15-06-2025 ಭಾನುವಾರ ಬೆಳಿಗ್ಗೆ 10-30ಕ್ಕೆ, ನಮ್ಮ ಮಗ್ಗದ ಬಳಿ.