ಅಪ್ಪನ ಮೈಕು

ಹಲೋ... ಯಾರ್ರಿ ಮಾತಾಡೋದು?...

ಹಾಂ, ಅಮೃತಪ್ಪನವರ ನಂಬರೇ ಅದರಿ. ನಾ ಅವರ ಮಗಳು, ಸುವರ್ಣಾ. ನೀವು?...

ದಾಮೋದರ ಕಾಕಾ? ಫುಟ್‌ಬಾಲ್ ಕ್ಲಬ್ಬಿನವರು? ಅಯ್ಯ, ನಂಬರ್ ಇನ್ನೂ ಇಟ್ಟೀರಲ್ಲ. ಅಳಿಸಿಬಿಟ್ಟೀರಿ ಅನ್ಕೊಂಡಿದ್ದೆ...

ಇಲ್ರಿ, ಅಪ್ಪ ಸೊಲ್ಲಾಪುರದಾಗ ಇಲ್ಲ. ಚಪಳಗಾಂವಕ್ಕ ನಮ್ಮ ಮನೀಗೆ ಕರ್ಕೊಂಡು ಬಂದೀನಿ. ಹೇಳ್ರಿ, ಏನ್ ಕೆಲಸಿತ್ತು?...

ಮಂದಿ ಬರವಲ್ರಾ?... ಮೊನ್ನಿ ಮ್ಯಾಚಿಗೆ ನಲವತ್ತು ಮಂದಿ? ಆಡೋರನ್ನೂ ಹಿಡ್ಕೊಂಡು?... ಖರೇ ಹೇಳ್ತೀನಿ ಕಾಕಾ, ಕೇಳಿ ಸಂಕಟ ಆಗ್ತದ.

ಹಾಂ... ಕುರ್ಚಿ ಹಾಕಿಸಿದ್ರಿ, ಗೊತ್ತದ. ನೆರಳಿಗೆ ತಗಡಿನ ಪತ್ರಾ ಹೊದಿಸಿದ್ರಿ. ತಿಕೀಟಾನೂ ಫುಕಟ ಮಾಡಿದ್ರಿ. ಡೀಜೆ ತಂದ್ರಿ, ಹಿಂದಿ ಕಾಮೆಂಟ್ರಿ ಹೇಳಾವನ್ನ ಪುಣೆದಿಂದ ಕರಸಿದ್ರಿ. ಮತ್ತ ಮಂದಿ ಯಾಕ ಬರವಲ್ರು ಅಂತ ನನ್ನ ಕೇಳ್ತೀರಲ್ಲ...

ಕುಂಭಾರಿ ಊರಿನ ಕಾಂತೇಶನ ಅವ್ವ ಹೊಲದಾಗ ಕಸ ತಗಿಯೋದು ಬಿಟ್ಟು ಯಾಕ ಬರ್ತಿದ್ಲು ಹೇಳ್ರಿ? ಆಕೀಗೆ ಆಟ ತಿಳೀತಿತ್ತೇನು? ಅಪ್ಪ ಮೈಕಿನ್ಯಾಗ, "ಚೆಂಡು ಈಗ ಕುಂಭಾರಿ ಗುರುಸಿದ್ಧನ ಮಗ ಕಾಂತೇಶನ ಕಾಲಾಗ ಬಂತ್ರಿ" ಅಂತಿದ್ದ. ಅದೊಂದು ಕೇಳಾಕ ಬರ್ತಿದ್ಲು. ಆಕಿ ಹಿಂದ ಓಣಿ ಮಂದಿ ಟೆಂಪೋ ಮಾಡ್ಕೊಂಡು ಬರ್ತಿದ್ರು, ಹೌದಿಲ್ರಿ?...

ನೀವೇನಂದ್ರಿ? ಈ ಹಳ್ಳಿ ಮಾತು ಸಾಕು, ಕ್ಲಬ್ ದೊಡ್ಡದಾಗಬೇಕು, ಅಂದ್ರಿ. ಮ್ಯಾಚ್ ನಡದಾಗ, ಮಂದಿ ಮುಂದ, ಅಪ್ಪನ ಕೈಯಾಗಿನ ಮೈಕ್ ಕಸ್ಕೊಂಡ್ರಿ...

ಇಲ್ರಿ, ಸಿಟ್ಟಿಲ್ಲ. ಇದ್ರೂ ಈಗ ಏನ್ ಮಾಡೋದದ...

ಈ ಆಯ್ತವಾರ?... ಈ ಸಲಾನೂ ಗ್ರೌಂಡ್ ತುಂಬಲಿಲ್ಲಂದ್ರ ಕ್ಲಬ್ ಮುಚ್ಚತಾರಾ?... ಆ ಹುಡುಗರು ಎಲ್ಲಿ ಆಡ್ಬೇಕ್ರಿ ಮತ್ತ?...

ಅಪ್ಪ ಮೈಕ್ ಹಿಡಿಯಾಕ ಬರಂಗಿಲ್ಲ ಕಾಕಾ. ಗಾಡಿ ಕಳಸಬ್ಯಾಡ್ರಿ... ಲಕ್ವಾ ಹೊಡದದ, ಮೂರು ತಿಂಗಳಾತು. ಬಲಗೈ ಹೋತು, ಮಾತೂ ಹೋತು. ನೀರು ಬೇಕಂದ್ರ ಕಣ್ಣಾಗ ಕೇಳ್ತಾನ... ನಿಮಗ ಯಾರು ಹೇಳಬೇಕಿತ್ರಿ? ಕ್ಲಬ್ಬಿನವರು ಒಬ್ಬರಾದ್ರೂ ಈ ಕಡಿ ಹಾದ್ರೇನು?...

ಅಳಬ್ಯಾಡ್ರಿ. ನೀವು ಅತ್ತರ ನನಗೂ ತಡಿಯಂಗಿಲ್ಲ...

ಹಾಂ, ಕೇಳಸ್ತದ. ಎಲ್ಲಾ ತಿಳೀತದ ಅವಂಗ. ಸ್ಪೀಕರ್ ಹಾಕ್ತೀನಿ. ಮಾಫಿ ಗೀಫಿ ಏನ್ ಬ್ಯಾಡ. ಆಯ್ತವಾರ ಆಡೋ ಹುಡುಗರ ಹೆಸರು ಹೇಳ್ರಿ, ಸಾಕು. ಅವ ಹೇಳ್ತಿದ್ದನಲ್ಲ ಹಂಗ, ಊರು, ಅಪ್ಪನ ಹೆಸರು ಹಿಡದು...

ಅಪ್ಪಾ, ದಾಮೋದರ ಕಾಕಾನ ಫೋನು. ಹುಡುಗರ ಹೆಸರು ಹೇಳ್ತಾರ, ಕೇಳು...

ಶುಭಂ. ಹಾಂ, ಶುಭಂ ಯಾವ ಊರಾವ? ಯಾರ ಮಗ?...

ಪಟ್ಟಿ ನೋಡಿ ಹೇಳ್ತೀರಾ? ನೋಡ್ರಿ...

ಗೊತ್ತಿಲ್ಲೇನ್ರಿ?... ಒಬ್ಬಂದೂ ಗೊತ್ತಿಲ್ಲ?...

ತಡೀರಿ. ಅಪ್ಪ ಏನೋ ಹೇಳಾಕತ್ಯಾನ... ಮೈಂ... ಮೈಂದರ್ಗಿ? ಶುಭಂ ಮೈಂದರ್ಗಿಯಾವ, ಹೌದಪಾ?... ಕಾಕಾ, ಬರ್ಕೋರಿ, ಮೈಂದರ್ಗಿ. ಅವರಪ್ಪ... ಸಾವಕಾಶ ಹೇಳಪಾ, ನಾ ಕೇಳಾಕತ್ತೀನಿ... ಕಾಕಾ, ಫೋನ್ ಇಡಬ್ಯಾಡ್ರಿ, ಕೇಳಸ್ತದಿಲ್ಲೋ? ಮೂರು ತಿಂಗಳಾದ ಮ್ಯಾಲ ಮೊದಲನೇ ಮಾತು ಇದು... ಹಲೋ?... ಲೈನ್ ಹೋತಲ್ಲ... ಹಲೋ...