ಮೂರನೇ ಗೂಟದ ಹಗ್ಗ

…ಅಲ್ಲ. ತಪ್ಪಿದ ಕಡೆಯಿಂದ ಮುಂದುವರಿಸೋ ಹಾಗಿಲ್ಲ, ಮೊದಲಿಂದ ಹೇಳು. ಈ ಹಡಗಿನಲ್ಲಿ ಅದೇ ಪದ್ಧತಿ. ಮತ್ತೆ, ಇಲ್ಲಿ ಮಾವ ಅನ್ನಬೇಡ. ಮನೆಯಲ್ಲಿ ಮಾವ, ಡೆಕ್ ಮೇಲೆ ಸರ್. ತಂಗಿಯ ಮಗಳು ಅಂತ ಒಂದು ಮಾರ್ಕು ಹೆಚ್ಚು ಹಾಕಿದೆ ಅಂತ ಜನ ಆಡಿಕೊಂಡರೆ ಅದನ್ನ ಕೇಳಿಸಿಕೊಳ್ಳಬೇಕಾದವನು ನಾನು.

ಹೇಳು ಗುಬ್ಬಿ. ಹಡಗಿನ ಮುಂದಿನ ಹಾಯಿಕಂಬ, ಕೆಳಗಿನಿಂದ ಮೇಲಕ್ಕೆ.

ಹ್ಞೂಂ… ಫೋರ್‌ಸೈಲ್. ಎಲ್ಲಕ್ಕಿಂತ ದೊಡ್ಡ ಹಾಯಿ. ಅದರ ಮೇಲೆ ಟಾಪ್‌ಸೈಲ್, ಸರಿ. ಆಮೇಲೆ? ಟಾಪ್‌ಗ್ಯಾಲಂಟ್. ನಗಬೇಡ. ನಗ್ತಿದೀಯ, ಉಸಿರಿನಲ್ಲೇ ಗೊತ್ತಾಗುತ್ತೆ. ತುತ್ತತುದಿಗೆ? ರಾಯಲ್. ಮೇಲೆ ಮೇಲೆ ಹೋದ ಹಾಗೆ ಹಾಯಿ ಚಿಕ್ಕದಾಗುತ್ತೆ, ಹೆಸರು ದೊಡ್ಡದಾಗುತ್ತೆ. ಆಫೀಸುಗಳ ಹಾಗೆ. ಇದಕ್ಕೆ ಬೇಕಾದರೆ ನಗು.

ಚಹಾ ತಂದೆಯಾ? ಎಲ್ಲಿಟ್ಟೆ… ಹೌದು, ಅಲ್ಲೇ ಇದೆ. ಆಮೇಲೆ ಕುಡೀತೀನಿ.

ಹಾಯಿಗಳ ಹೆಸರು ಯಾರು ಬೇಕಾದರೂ ಕಲೀತಾರೆ. ಹಡಗು ನೋಡೋಕೆ ಬರೋ ಜನ ಕೂಡ ಬಾಗಿಲ ಹತ್ತಿರದ ಚಿತ್ರ ನೋಡಿ ಬಾಯಿಪಾಠ ಮಾಡಿಕೊಂಡು ಹೋಗ್ತಾರೆ. ಕಷ್ಟ ಇರೋದು ಹಗ್ಗದ್ದು. ಎಲ್ಲ ಒಂದೇ ದಪ್ಪ, ಒಂದೇ ಬಣ್ಣ, ಒಂದೇ ಡಾಂಬರಿನ ವಾಸನೆ. ಎಲ್ಲೋ ಮೇಲಿಂದ ಇಳಿದು ಬಂದು ಈ ಹಲಗೆಯ ಗೂಟಗಳಿಗೆ ಸುತ್ತಿಕೊಂಡು ಕೂತಿರುತ್ತವೆ, ತರಗತಿಯಲ್ಲಿ ಸಮವಸ್ತ್ರ ಹಾಕಿದ ಮಕ್ಕಳ ಹಾಗೆ. ಯಾವುದು ಯಾರ ಮನೆಯದು ಅಂತ ಗೊತ್ತಾಗಬೇಕಾದರೆ ಹಿಂದೆಯೇ ಹೋಗಬೇಕು. ಗೂಟದಿಂದ ಹಗ್ಗ, ಹಗ್ಗದ ಬೆನ್ನಿಗೆ ಕಣ್ಣು, ಅದು ಹೋಗಿ ಹಾಯಿಯನ್ನ ಮುಟ್ಟೋ ತನಕ. ಆಮೇಲೆ ಹೆಸರು ಹೇಳಬೇಕು, ಬಿಚ್ಚೋದು ಅದಕ್ಕೂ ಆಮೇಲೆ. ಗೂಟವನ್ನ ನಂಬಬಾರದು. ಇಷ್ಟು ವರ್ಷದಲ್ಲಿ ನಾನು ಬೇರೆ ಏನನ್ನೂ ಹೇಳಿಕೊಟ್ಟಿಲ್ಲ, ಇದೊಂದನ್ನೇ.

ತೋಟಗಾರ ಅದನ್ನ ಮಾಡಲಿಲ್ಲ.

ಅವನ ಮಾತು ಎತ್ತಿದರೆ ನಿಮಗೆಲ್ಲ ಮುಖ ಸಣ್ಣದಾಗುತ್ತೆ. ಒಳ್ಳೆಯವನು, ಒಪ್ಪಿದೆ. ವಾರವೆಲ್ಲ ತೋಟದ ಕೆಲಸ ಮಾಡಿ, ರಜೆಯ ದಿನ ಮನೆಯಲ್ಲಿ ಮಲಗೋದು ಬಿಟ್ಟು ಇಲ್ಲಿಗೆ ಬಂದು ಡೆಕ್ ಉಜ್ಜುತ್ತಿದ್ದ, ಅದನ್ನೂ ಒಪ್ಪಿದೆ. ಆದರೆ ಅವತ್ತು ಟಾಪ್‌ಗ್ಯಾಲಂಟಿನ ಮೂಲೆ ಬಿಗಿದುಕೊಂಡಿತ್ತು. ಮೂಲೆಯನ್ನ ಮೇಲಕ್ಕೆ ಎಳೆದು ಹಿಡಿದಿರೋ ಹಗ್ಗ ಕ್ಲೂಲೈನ್. ಅದನ್ನ ಸಡಿಲಿಸು, ಮೂರನೇ ಗೂಟ ಅಂದೆ. ಅವನು ಸಡಿಲಿಸಿದ್ದು ಹ್ಯಾಲ್ಯಾರ್ಡ್. ಹಾಯಿ ಹೊತ್ತ ಅಡ್ಡಮರವನ್ನೇ ಮೇಲೆ ಎತ್ತಿ ಹಿಡಿದಿರೋ ಹಗ್ಗ. ಮರ ಜಾರಿತು. ಹಾಯಿ ಬಿಡಿಸೋಕೆ ಕಂಬ ಹತ್ತಿದ್ದ ನಮ್ಮ ಅಡುಗೆಯವನ ಭುಜಕ್ಕೆ ಬಡೀತು. ಆ ಭುಜ ಇನ್ನು ಸೌಟು ಹಿಡಿಯೋಕೂ ಎತ್ತೋದು ಕಷ್ಟ ಅಂತಾರೆ.

ತೋಟಗಾರ ಏನಂತಾನೆ? ‘ಮೂರನೇದನ್ನೇ ಬಿಚ್ಚಿದೆ ಸರ್.’ ಅಷ್ಟೇ, ಬೇರೆ ಮಾತಿಲ್ಲ. ಹಡಗಿಗೆ ಕಾಲಿಡಬೇಡ ಅಂತ ಹೇಳಿದ ಮೇಲೂ ಮನೆಗೆ ಬಂದಿದ್ದ, ಬಾಗಿಲಲ್ಲಿ ನಿಂತು ಅದನ್ನೇ ಹೇಳಿದ. ಬಾಗಿಲು ಹಾಕಿಕೊಂಡೆ. ಬೇಜಾರಾಯ್ತಾ ಅಂತ ನಿನ್ನಮ್ಮ ಕೇಳಿದಳು. ಬೇಜಾರೂ ಇಲ್ಲ, ಸಿಟ್ಟೂ ಇಲ್ಲ. ಬಟ್ಟೆ ಒಣಗಿಸಿದೆ, ಊಟ ಮಾಡಿದೆ. ಈಚೆಗೆ ಯಾವುದೂ ಒಳಗೆ ಇಳಿಯೋದೇ ಇಲ್ಲ. ಮರಗಟ್ಟಿದ ಕಾಲನ್ನ ಚಿವುಟಿದ ಹಾಗೆ… ಯಾರದೋ ಕಾಲು.

ಇರಲಿ. ನಾಳೆ ಹಡಗು ಹೊರಗೆ ಹೋಗುತ್ತೆ. ಕಂಬಗಳ ಮೇಲೆ ಅರ್ಧಕ್ಕರ್ಧ ಹೊಸಬರು. ಕೆಳಗೆ ನಿಂತು ಹುಕುಂ ಕೊಡೋನು ನಾನು. ‘ನಿಮ್ಮಿಂದ ಆಗುತ್ತಾ?’ ಅಂತ ಕ್ಯಾಪ್ಟನ್ ನಿನ್ನೆ ಕೇಳಿದರು. ಬೇರೆ ಯಾರಿಂದ ಆಗುತ್ತೆ, ಹೇಳಿ ನೋಡೋಣ ಅಂದೆ. ನೀನು ಇವತ್ತು ಪಾಸಾದರೆ ಮುಂದಿನ ಕಂಬದ ಮೇಲೆ ನೀನು. ಆಗದಿದ್ದರೆ ಕೆಳಗೆ ಕೂತು ಪ್ರಯಾಣಿಕರಿಗೆ ಬಿಸ್ಕತ್ತು ಹಂಚು. ಕಳೆದ ಸಲ ಫೇಲ್ ಮಾಡಿದಾಗ ನಿನ್ನಮ್ಮ ನನ್ನ ಜೊತೆ ವಾರಗಟ್ಟಲೆ ಮಾತು ಬಿಟ್ಟಿದ್ದಳು. ಬಿಡಲಿ. ಮೇಲಿಂದ ಬಿದ್ದರೆ ಆಮೇಲೆ ಮಾತಾಡೋಕೆ ಏನಿರುತ್ತೆ.

ಬಾ ಈ ಕಡೆ. ಹಗ್ಗ. ನಾನು ಮುಟ್ಟಿದ್ದಕ್ಕೆ ನೀನು ಹೆಸರು ಹೇಳಬೇಕು.

ಇದು?

ಏನಂದೆ? ದೋಣಿ ಇಳಿಸೋ ಹಗ್ಗವಾ? ತಪ್ಪು. ಇದು ಶೀಟ್, ಹಾಯಿಯ ಮೂಲೆಯನ್ನ ಕೆಳಕ್ಕೆ ಎಳೆಯೋ ಹಗ್ಗ. ಈ ಸಾಲಿನಲ್ಲಿ ಮೊದಲನೇದು ಯಾವಾಗಲೂ ಶೀಟ್. ಭಯಕ್ಕೆ ಮರೀತಿದೀಯ. ನಿಧಾನಕ್ಕೆ ಹೇಳು.

ಇದು? …ಈಗ ಶೀಟ್ ಅಂತೀಯ. ಈಗ ತಾನೆ ಅದರ ಹೆಸರು ಮುಗೀತಲ್ಲ. ಎರಡನೇದು ಹ್ಯಾಲ್ಯಾರ್ಡ್.

ಮೂರನೇದು. ಇದನ್ನ ಮಾತ್ರ ತಪ್ಪಬೇಡ. ಇದನ್ನ ತಪ್ಪಿದ್ದಕ್ಕೇ ಒಬ್ಬ ಮನೆಗೆ ಹೋಗಿದ್ದಾನೆ, ಇನ್ನೊಬ್ಬ ಆಸ್ಪತ್ರೆಯಲ್ಲಿದ್ದಾನೆ. ಹೇಳು.

…ಏನು, ಹ್ಯಾಲ್ಯಾರ್ಡಾ?

ನೀನೂ ಹ್ಯಾಲ್ಯಾರ್ಡ್ ಅಂತೀಯ. ನೋಡದೆ ಹೇಳ್ತಿದೀಯ ಗುಬ್ಬಿ. ಹಗ್ಗದ ಹಿಂದೆ ಕಣ್ಣು ಹೋಗಲಿ. ಹೋಯ್ತಾ? ಎಲ್ಲಿಗೆ ಮುಟ್ಟಿತು? …ಅಡ್ಡಮರದ ನಡುವಿಗೆ ಅಂತೀಯ. ಮೂಲೆಗಲ್ಲ ಅಂತೀಯ. ಎರಡು ಸಲ ನೋಡಿದೆ ಅಂತೀಯ. ಒಂದೊಂದೇ ಹಿಂದೆ ಬೀಳ್ತಾ ಬಂದಿದೀಯ ನೀನು, ಮೊದಲನೇದರಿಂದಲೂ. ಫೇಲ್. ಹೋಗು. ಬಿಸ್ಕತ್ತು ಡಬ್ಬಿ ಅಡುಗೆಮನೆಯಲ್ಲಿದೆ.

ಯಾಕೆ ನಿಂತೆ?

ನಾನು ನೋಡಬೇಕಾ? ನಾನು ಯಾಕೆ ನೋಡಬೇಕು? ಪರೀಕ್ಷೆ ನಿನ್ನದು. ಈ ಗೂಟಗಳು ನನಗೆ ಹಲ್ಲಿನ ಸಾಲು ಇದ್ದ ಹಾಗೆ, ನಾಲಿಗೆಗೆ ಗೊತ್ತು… ಕೈ ಬಿಡು. ಏನು ಮಾಡ್ತಿದೀಯ? ಎಲ್ಲಿಗೆ ಎಳೀತೀಯ, ಇದು ಮೊದಲನೇದು, ಇದನ್ನ ಆಗಲೇ ಮುಟ್ಟಿದ್ದೆ. ಹಗ್ಗದ ಸುರುಳಿ. ಅದರ ಅಡಿಗೆ ಏನಿದೆ… ಗೂಟ. ಬೇರೆ ಏನಿರುತ್ತೆ.

…ಇದಕ್ಕೆ ಎಣ್ಣೆ ಹಚ್ಚಿಲ್ಲ.

ಹಸಿ ಮರ. ತರಿತರಿಯಾಗಿದೆ. ಇದು ಹೊಸದು. ಹಲಗೆಯನ್ನ ಈಚೆಗೆ ಉದ್ದ ಮಾಡಿದ್ದಾರೆ.

ಬಡಗಿ ಮಾಡಿದ್ದಾ? ಯಾವಾಗ? ದೋಣಿಯ ಹಗ್ಗಕ್ಕೆ ಜಾಗ ಬೇಕು ಅಂತ ಅವನು ಕೇಳ್ತಿದ್ದ, ಆಮೇಲೆ ನೋಡೋಣ ಅಂದಿದ್ದೆ… ನಾನು ಗೆಳೆಯನ ಮನೆಗೆ ಅಂತ ಹೇಳಿ ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆನಲ್ಲ, ಆ ವಾರವಾ? ನನಗೆ ಯಾರೂ ಹೇಳಲಿಲ್ಲ.

ಹಲಗೆ ಮೇಲೆ ಬಿಳಿ ಬಣ್ಣದಲ್ಲಿ ‘ದೋಣಿ’ ಅಂತ ಬರೆದಿದ್ದಾನಾ. ದೊಡ್ಡದಾಗಿ. ನಾನು ಪ್ರತಿದಿನ ನಿಲ್ಲೋ ಜಾಗದಲ್ಲಿ.

ಹಾಗಾದರೆ ಅವತ್ತು ಮೂರನೇದು… ಮೂರನೇದನ್ನೇ ಬಿಚ್ಚಿದ.

ಅದು ಬೇರೆ. ಅವನೂ ಮೇಲೆ ನೋಡಬೇಕಿತ್ತು. ನಿಯಮ ಎಲ್ಲರಿಗೂ ಒಂದೇ. ಮೇಲೆ ನೋಡದೆ ಹಗ್ಗಕ್ಕೆ ಕೈ ಹಾಕಿದವನು ಡೆಕ್ ಮೇಲೆ ಇರಬಾರದು. ಅವನೇ ಆಗಲಿ, ಯಾರೇ ಆಗಲಿ. ಅದನ್ನ ಬರೆದು ಗೋಡೆಗೆ ಹಾಕಿಸಿದವನು ನಾನು…

ಏನಾದರೂ ಹೇಳು.

ಇಷ್ಟು ಹೊತ್ತು ಪಟಪಟ ಉತ್ತರ ಕೊಡ್ತಿದ್ದೆ. ಫೇಲ್ ಅಂದಿದ್ದಕ್ಕೆ ಸಿಟ್ಟಾ? ಪಾಸು ಅಂತ ಬರೀತೀನಿ. ನಿನ್ನ ಉತ್ತರ ಸರಿ ಇತ್ತು, ಮೂರೂ. ನಾಳೆ ಮುಂದಿನ ಕಂಬಕ್ಕೆ ಹತ್ತು. ನಾನು ಕೆಳಗಿಂದ… ಕೆಳಗಿಂದ ನಿನಗೆ ಹೇಳ್ತೀನಿ, ಯಾವ ಹಗ್ಗ, ಯಾವ…

ಕ್ಯಾಪ್ಟನ್ ಹತ್ತಿರ ಹೊರಟೆಯಾ? ಹೋಗುವವಳು ಹೋಗ್ತೀನಿ ಅಂತ ಹೇಳಿ ಹೋಗಬೇಕು. ಬರಿಗಾಲಲ್ಲಿದೀಯ, ಹೆಜ್ಜೆ ಕೇಳಿಸೋದಿಲ್ಲ.

ಗುಬ್ಬಿ.

ಇಲ್ಲೇ ಇದೀಯ ತಾನೆ?