ಕತ್ತರಿ ಹುಳುವಿನ ಬಗ್ಗೆ ನಾಲ್ಕು ಮಾತು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಇವತ್ತಿನ ಸನ್ಮಾನಕ್ಕೆ ಪಾತ್ರನಾದ ನಮ್ಮ ಯಂಕಣ್ಣ, ಭಾನುವಾರ ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕಿಗೂ ಜಗ್ಗದೆ ಡೊಂಬಿವಲಿಯ ಈ ಸಭಾಂಗಣ ತುಂಬಿಸಿದ ಸಭಿಕರೇ,

ಅಧ್ಯಕ್ಷರು ನನಗೆ ಕೊಟ್ಟ ವಿಷಯ ಮೆಕ್ಕೆಜೋಳದ ಕತ್ತರಿ ಹುಳು. ಠಾಣೆಯ ಕೋಪರಿಯಲ್ಲಿ ಇಡ್ಲಿ-ಸಾಂಬಾರು ಮಾಡಿಕೊಂಡಿರುವ ಈ ಮುರಾರಿಗೆ ಹುಳುವಿನ ಉಸಾಬರಿ ಯಾಕೆ ಎಂದು ನೀವು ನಗಬಹುದು. ಹೋಟೆಲಿನವನ ಬಾಯಲ್ಲಿ ಹುಳುವಿನ ಮಾತು ಬರಲೇಬಾರದು! ನಗಿ, ತೊಂದರೆಯಿಲ್ಲ. ಆದರೆ ಕಲ್ಯಾಣದಾಚೆ ನಮ್ಮ ಸಂಘ ಗುತ್ತಿಗೆಗೆ ಹಿಡಿದ ಹೊಲದ ಉಸ್ತುವಾರಿ ನನ್ನದು. ಅಲ್ಲಿ ದುಡಿದವನು ಈ ಯಂಕಣ್ಣ. ವಿಜಯಪುರ ಕಡೆಯವನು, ದಿವಾದಲ್ಲಿ ಮನೆ, ಮೊದಲು ಲೋಡಿಂಗ್ ಕೆಲಸ ಮಾಡುತ್ತಿದ್ದ. ಈ ಸಲ ಅವನಿಗೆ ಬಂದಷ್ಟು ಬೆಳೆ ಸುತ್ತಮುತ್ತ ಯಾರಿಗೂ ಬಂದಿಲ್ಲ. ಅದಕ್ಕೇ ಈ ಶಾಲು.

ಶಾಲು ಸಂಘದ್ದು. ನನ್ನದೊಂದು ಸ್ವಂತ ಆಸೆ ಬೇರೆ ಇದೆ. ಸಭೆ ಮುಗಿದ ಮೇಲೆ ಯಂಕಣ್ಣ ನನ್ನ ಪಕ್ಕದಲ್ಲಿ ಕೂತು ನಮ್ಮ ಹೋಟೆಲಿನ ಊಟ ಉಣ್ಣಬೇಕು. ಎಳ್ಳಮವಾಸ್ಯೆಯಿಂದ ಈಚೆಗೆ ಅವನು ನಮ್ಮಲ್ಲಿ ಒಂದು ಲೋಟ ನೀರನ್ನೂ ಮುಟ್ಟಿಲ್ಲ.

ಇರಲಿ, ಹುಳುವಿಗೆ ಬರುತ್ತೇನೆ. ಬೆಳಿಗ್ಗೆ ಹೊಲಕ್ಕೆ ಹೋದರೆ ಎಳೆ ಸಸಿಗಳು ಬುಡದಲ್ಲಿ ತುಂಡಾಗಿ ಬಿದ್ದಿರುತ್ತವೆ. ತಿಂದವನು ಕಾಣುವುದಿಲ್ಲ, ಹಗಲೆಲ್ಲ ಮಣ್ಣಿನೊಳಗೆ ಅಡಗಿರುವ ಜಾತಿ ಅದು. ಬಿದ್ದ ಸಸಿಯ ಪಕ್ಕದ ಮಣ್ಣನ್ನು ಎರಡು ಬೆರಳು ಕೆದಕಿ ನೋಡಿ, ಸಿಗುತ್ತದೆ. ಬೂದುಗಪ್ಪು ಬಣ್ಣ, ಜಿಡ್ಡು ಮೈ, ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ಎಲೆಯಲ್ಲಿ ಸಣ್ಣ ತೂತು ಕಂಡಾಗಲೇ ಎಚ್ಚರವಾಗಬೇಕು, ಆಗಿನ್ನೂ ಅದು ಮರಿ. ಸುಳಿ ಮಣ್ಣಿನೊಳಗೆ ಉಳಿದಿದ್ದರೆ ಸಸಿ ಮತ್ತೆ ಚಿಗುರುತ್ತದೆ. ಸುಳಿಯ ಕೆಳಗೆ ಕತ್ತರಿಸಿತೋ, ಮುಗಿಯಿತು. ಪತಂಗ ಮೊಟ್ಟೆಯಿಡುವುದು ಕಳೆಯ ಮೇಲೆ. ಆದ್ದರಿಂದ ಬಿತ್ತನೆಗೆ ಎರಡು ಮೂರು ವಾರ ಮೊದಲೇ ಕಳೆ ತೆಗೆದು ನೆಲ ಹರಗಬೇಕು. ನಾವೇನು ಮಾಡಿದೆವು? ಇವತ್ತು ಕಳೆ ಕಿತ್ತೆವು, ನಾಳೆ ಬಿತ್ತಿದೆವು. ಹಸಿದವನಿಗೆ ಎಲೆ ಹಾಕಿ ಬಡಿಸಿದ ಹಾಗಾಯಿತು.

ಅದಕ್ಕೆ ಮದ್ದು ಆಮಿಷ. ತೌಡು, ಬೆಲ್ಲ, ಜೊತೆಗೆ ಔಷಧ. ಸಂಜೆ ಸಾಲಿನುದ್ದಕ್ಕೂ ಚೆಲ್ಲಿದರೆ ರಾತ್ರಿ ಹೊರಬಂದ ಹುಳು ತಿಂದು ಸಾಯುತ್ತದೆ. 'ಯಂಕಣ್ಣಾ, ನೀನು ಸುಮ್ಮನಿರು, ಕಲಸುವುದು ನನ್ನ ಕಸುಬು' ಎಂದೆ. ಔಷಧ ಕೊಟ್ಟ ಅಂಗಡಿಯವನು ಹಸಿ ತೌಡು ಸಾಕು ಎಂದಿದ್ದ. ನನ್ನ ಕೈ ಕೇಳಬೇಕಲ್ಲ? ಘಮ ಬರುವವರೆಗೆ ಹುರಿದೆ. ಬೆಲ್ಲ ಪುಡಿ ಮಾಡಿ ಉದುರುದುರಾಗಿ ಬೆರೆಸಿದೆ. ಹೋಟೆಲಿನ ಹಿತ್ತಲಲ್ಲಿ, ಬೇರೆ ಬಾಣಲೆಯಲ್ಲಿ. ಇದನ್ನು ದಯವಿಟ್ಟು ಗಮನಿಸಬೇಕು. ಡಬ್ಬ ಮಾತ್ರ ನಮ್ಮದೇ. ದಸರೆಗೆ, ದೀಪಾವಳಿಗೆ ಯಂಕಣ್ಣನ ಮನೆಯವರಿಗೆ ಸಿಹಿ ಹೋಗುತ್ತಿದ್ದ ಸ್ಟೀಲ್ ಡಬ್ಬ.

ಎಳ್ಳಮವಾಸ್ಯೆಯ ಮರುದಿನ ಖಾರಘರದಲ್ಲಿ ಮಗಳು ಶ್ರೀವಾಣಿಯ ಗೃಹಪ್ರವೇಶ. ಅಮಾವಾಸ್ಯೆಯ ಬೆಳಿಗ್ಗೆಯೇ ಅಲ್ಲಿಗೆ ಹೊರಟವನು ಮೊದಲು ಹೊಲಕ್ಕೆ ಹೋದೆ. ಯಾರೂ ಇನ್ನೂ ಬಂದಿರಲಿಲ್ಲ. ಯಾವಾಗಲೂ ಇಡುವ ಜಾಗದಲ್ಲೇ, ಶೆಡ್ಡಿನ ಬಾಗಿಲಲ್ಲಿ, ಡಬ್ಬ ಇಟ್ಟೆ. ಫೋನು ಮಾಡಬೇಕೆಂದು ಮನಸ್ಸಿನಲ್ಲಿತ್ತು. ಆದರೆ ಶಿಳ್‌ಫಾಟಾದ ಟ್ರಾಫಿಕ್ ನಿಮಗೆ ಗೊತ್ತೇ ಇದೆ. ಅಲ್ಲಿ ಸಿಕ್ಕಿಕೊಂಡವನಿಗೆ ಏನು ನೆನಪಿರುತ್ತದೆ, ನೀವೇ ಹೇಳಿ?

ಆ ದಿನ ಯಂಕಣ್ಣನ ಕಡೆಯವರು ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಹಬ್ಬದಡುಗೆಯನ್ನು ಭೂಮಿತಾಯಿಗೆಂದು ಬೆಳೆಯ ತುಂಬ ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ನಮ್ಮ ಉಡುಪಿ ಕಡೆ ಈ ಪದ್ಧತಿ ಇಲ್ಲ. ಅವರಲ್ಲಿ ಮಾದಲಿ ಎಂಬ ಸಿಹಿಯೂ ಇದೆ. ಗೋಧಿ, ಬೆಲ್ಲ, ಕಂದು ಬಣ್ಣ, ಉದುರುದುರು. ಅದೂ ನನಗೆ ಗೊತ್ತಿರಲಿಲ್ಲ. ಇವನ ಹೆಂಡತಿ ಮರಗಮ್ಮ ಡಬ್ಬ ತೆರೆದವಳೇ, ನೀರಿಗೆ ಹೊರಟಿದ್ದ ಇವನನ್ನು ಕೂಗಿದಳಂತೆ: 'ಇಲ್ ನೋಡ್ರಿ, ಅಣ್ಣಾರು ಹಬ್ಬಕ್ಕ ನಮ್ ಮಾದ್ಲಿ ಮಾಡಿ ಕಳಿಸ್ಯಾರ!'

ಎಷ್ಟು ಸಂತೋಷಪಟ್ಟಳೋ, ಪಾಪ. ಇವನು ನೀರು ತರುವಷ್ಟರಲ್ಲಿ ನೈವೇದ್ಯ ಮಾಡಿದಳು, ಸಾಲು ಹಿಡಿದು ಚೆಲ್ಲಿಕೊಂಡು ಹೋದಳು, ಕೈಯಲ್ಲಿ ಉಳಿದದ್ದನ್ನು ಪ್ರಸಾದವೆಂದು ಬಾಯಿಗೆ ಹಾಕಿಕೊಂಡಳು. ಕಲ್ಯಾಣದ ಆಸ್ಪತ್ರೆಯಲ್ಲಿ ಸಂಜೆಗೆ ತೀರಿಕೊಂಡಳು.

ನಾಲ್ಕು ದಿನದಲ್ಲಿ ಸಸಿ ಬೀಳುವುದು ನಿಂತುಹೋಯಿತು. ಅಷ್ಟು ಸಮನಾಗಿ ಚೆಲ್ಲಿದ್ದಳು. ಸನ್ಮಾನಪತ್ರದಲ್ಲಿ 'ಸಮರ್ಥ ಕೀಟ ನಿರ್ವಹಣೆಗಾಗಿ' ಎಂದು ಬರೆಸಿದವನು ನಾನೇ. ಆ ನಿರ್ವಹಣೆ ಮಾಡಿದವಳು ಅವಳು.

ತಪ್ಪು ಯಾರದು? ನನ್ನದೆಂದು ಈವರೆಗೆ ಯಾರೂ ಅಂದಿಲ್ಲ. ಪೊಲೀಸರು ಕೇಳಿದಾಗ ಯಂಕಣ್ಣನೇ 'ಔಷಧ ನಾನಽ ಕಲಸಿಟ್ಟಿದ್ನಿರಿ' ಎಂದುಬಿಟ್ಟ. ಹೊರಗೆ ಬಂದ ಮೇಲೆ ಯಾಕೆ ಹಾಗಂದೆ ಎಂದು ಕೇಳಿದೆ. 'ನಮ್ಮ ಮಂದಿ ನಿಮ್ ಹೋಟೆಲ್‌ದಾಗ ದುಡೀತಾರ. ಅದರ ಬಾಗಲಾ ಮುಚ್ಚಿದ್ರ ಅವ್ರು ಎಲ್ಲಿ ಹೋಗ್ಬೇಕ್ರೀ?' ಎಂದ. ನಾನು ಸುಮ್ಮನಾದೆ. ಸುಮ್ಮನಾಗದೆ ಏನು ಮಾಡಲಿ? ಅವನದು ಎಷ್ಟು ದೊಡ್ಡ ಮನಸ್ಸು ಎಂದು ತೋರಿಸಲು ಹೇಳಿದೆ, ಅಷ್ಟೇ. ಇದನ್ನು ಇಲ್ಲಿ ಹೇಳಬೇಕೆಂದು ಬಂದಿರಲಿಲ್ಲ. ಸಭೆಯಲ್ಲಿ ಪೊಲೀಸ್ ಇಲಾಖೆಯವರು ಯಾರಾದರೂ ಇದ್ದರೆ ಭಾಷಣವೆಂದು ತಿಳಿದು ಬಿಟ್ಟುಬಿಡಬೇಕು.

ಯಾರೂ ನಗಲಿಲ್ಲ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ. ಹೊಲ ಮಾಡುವವರು ಬೆಳಿಗ್ಗೆ ಬೇಗ ಹೋಗಿ, ಮಣ್ಣು ಕೆದಕಿ, ಹುಳುವನ್ನು ಕೈಯಿಂದ ಆರಿಸಿ. ಆಮಿಷ ಬೇಕೇಬೇಕೆಂದರೆ ಅಡುಗೆಯ ಪಾತ್ರೆ ಮುಟ್ಟಬೇಡಿ, ಹುರಿಯಬೇಡಿ. ಯಾರಿಗೂ ಹೇಳದೆ ಇಟ್ಟು ಬರಬೇಡಿ. ದಯವಿಟ್ಟು ಇಟ್ಟು ಬರಬೇಡಿ.

ಯಂಕಣ್ಣಾ, ಊಟಕ್ಕೆ ಏಳೋಣವೇ? ಮೊದಲ ತುತ್ತು ನಾನೇ ಬಾಯಿಗಿಡುತ್ತೇನೆ. ನೀನು ನೋಡು, ಬೇಕಾದಷ್ಟು ಹೊತ್ತು ನೋಡು, ಆಮೇಲೆ ಉಣ್ಣು.

ಅವನು ಹೇಳಿದ್ದು ಮೈಕಿಗೆ ಸಿಗಲಿಲ್ಲ, ನಾನೇ ಹೇಳುತ್ತೇನೆ. 'ನೀವ್ ಉಣ್ರಿ ಅಣ್ಣಾರ, ನನಗ ಕೈ ಏಳಂಗಿಲ್ಲ' ಎನ್ನುತ್ತಿದ್ದಾನೆ. ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದಿದ್ದಾನಂತೆ.

ನನಗೆ ಮಾತಾಡಲು ಅವಕಾಶ ಕೊಟ್ಟ ಸಂಘಕ್ಕೆ ಋಣಿಯಾಗಿದ್ದೇನೆ. ಸಭಿಕರೇ, ಕೆಳಗೆ ಎಲೆ ಹಾಕಿದ್ದಾರೆ, ಎಲ್ಲವನ್ನೂ ನಾನೇ ನಿಂತು ಮಾಡಿಸಿದ್ದೇನೆ. ನೀವಾದರೂ ಉಣ್ಣಿ. ನಮಸ್ಕಾರ.